ಮುನಿಯಕ್ಕನ ಬಾವಿ ನೀರಿನ ಪರೀಕ್ಷೆ

ಎಂಟನೇ ಕ್ಲಾಸಲ್ಲಿ ನಮ್ಮ ಗಿರಿಜಾದೇವಿ ಮೇಡಂ, "ಈ ಸಲ ಸೈನ್ಸ್ ಪ್ರಾಜೆಕ್ಟು ನೀವೇ ಹುಡುಕ್ಕೊಳ್ಳಿ, ನಾನು ಹೇಳಿಕೊಡಲ್ಲ" ಅಂದಾಗ ಅರ್ಧ ಕ್ಲಾಸು ಥರ್ಮಾಕೋಲಲ್ಲಿ ಜ್ವಾಲಾಮುಖಿ ಮಾಡೋಕೆ ಹೊರಟಿತು. ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮ ಇಟ್ಟಮಡುವಿನಲ್ಲಿ ಎಲ್ಲಿದೆ ಜ್ವಾಲಾಮುಖಿ? ಇದ್ದದ್ದು ವಾಂತಿ ಭೇದಿ. ಆ ವರ್ಷ, ಎಂಬತ್ತಮೂರರಲ್ಲಿ, ನನ್ನ ತಂಗಿ ಎರಡು ಸಲ ಆಸ್ಪತ್ರೆ ಸೇರಿ ಗ್ಲೂಕೋಸ್ ಹಾಕಿಸ್ಕೊಂಡು ಬಂದಿದ್ಲು. ಮೂರನೇ ಸಲ ಹೋದ್ರೆ ವಾಪಸ್ ಬರ್ತಾಳೋ ಇಲ್ವೋ ಅಂತ ನಮ್ಮಮ್ಮನಿಗೆ ಭಯ. ನನಗೂ ಅಷ್ಟೇ ಭಯ.

"ನಮ್ಮ ಬೀದಿ ಮಕ್ಕಳೇ ಯಾಕೆ ಕಾಯಿಲೆ ಬೀಳ್ತಾರೆ ಅಂತ ನೋಡೋಣ ಮೇಡಂ" ಅಂದೆ. ಹಿಂದಿನ ಬೆಂಚಿನವರು, "ಬಂದ್ಲಪ್ಪ ಡಾಕ್ಟರ್ ಜಯಾ" ಅಂತ ಕಿಸಕ್ಕಂದ್ರು. ಮೇಡಂ ನಗಲಿಲ್ಲ. ಹಾಜರಿ ಪುಸ್ತಕ ತೆಗೆದು ನನ್ನ ಕೈಗೇ ಕೊಟ್ರು.

ನಾವು ಆರು ಜನ ಹುಡುಗೀರು ಸೇರಿಕೊಂಡ್ವಿ. ಯಾರ್ಯಾರು ಹೊಟ್ಟೆ ಕೆಟ್ಟು ರಜ ಹಾಕಿದ್ರು ಅಂತ ಪಟ್ಟಿ ಮಾಡಿ, ಅವರ ಮನೆಗಳಿಗೆಲ್ಲ ಹೋಗಿ, "ಯಾವ ನೀರು ಕುಡೀತೀರಿ?" ಅಂತ ಕೇಳಿದ್ವಿ. ಹದಿನೆಂಟರಲ್ಲಿ ಹದಿನೈದು ಜನ ಮುನಿಯಕ್ಕನ ಬಾವಿಯವರು. ನಮ್ಮ ಮನೆಗೂ ಅದೇ ನೀರು.

ಮುನಿಯಕ್ಕ ಊರಿನ ಹಳೇ ಕುಳ. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಅವಳಿಗೆ ಉಳಿದದ್ದು ಹತ್ತು ಮನೆಯ ಒಂದು ವಠಾರ, ಅದರ ನಡುವೆ ತೀರಿಹೋದ ಗಂಡ ಮುನಿಯಣ್ಣ ತೋಡಿಸಿದ್ದ ಬಾವಿ. ಬೀದಿಗೆಲ್ಲ ಅದೇ ನೀರು. ಸುತ್ತ ಹೊಸ ಮನೆಗಳೆದ್ದು, ಒಂದೊಂದು ಮನೆಗೂ ಒಂದೊಂದು ಪಾಯಿಖಾನೆ ಗುಂಡಿ ಬಂದಿತ್ತು. ನಲ್ಲಿ ಬೇಕು ಅಂತ ನೀರಿನ ಆಫೀಸಿಗೆ ಹೋದ್ರೆ ಅಲ್ಲಿನ ಸಾಹೇಬ್ರು, "ಬಾವಿ ನೀರು ಕೆಟ್ಟಿದೆ ಅಂತ ತಿಳಿದೋರು ಬರೆದುಕೊಡ್ಲಿ. ಅರ್ಜಿಗೆ ಬಾವಿಯವರ ರುಜುನೂ ಇರ್ಲಿ. ಆಮೇಲೆ ನೋಡೋಣ" ಅಂದಿದ್ರು.

ತಿಳಿದೋರನ್ನ ನಾವೇ ಹುಡುಕಿದ್ವಿ. ಜಯನಗರದ ಒಂದು ಕಾಲೇಜಲ್ಲಿ ವೆಂಕಟಾಚಲ ಅಂತ ಮೇಷ್ಟ್ರು ನೀರಲ್ಲಿರೋ ಕ್ರಿಮಿ ಪರೀಕ್ಷೆ ಮಾಡ್ತಾರೆ ಅಂತ ಗೊತ್ತಾಗಿ, ಅವರಿಗೊಂದು ಕಾರ್ಡು ಬರೆದೆ. ವಾರದೊಳಗೆ ಶುದ್ಧ ಮಾಡಿದ ಬಾಟ್ಲಿ ಕಳಿಸಿ, "ತುಂಬಿದ ಕೂಡಲೇ ತನ್ನಿ" ಅಂದ್ರು.

ಏಳು ಗಂಟೆ ಬಸ್ಸು ಹಿಡೀಬೇಕಿತ್ತು. ಆದ್ರೆ ಮುನಿಯಕ್ಕ ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು ಮೊದಲ ಕೊಡ ಸೇದೋ ತನಕ ಯಾರೂ ಹಗ್ಗ ಮುಟ್ಟೋ ಹಾಗಿಲ್ಲ. ಅವಳ ಸ್ನಾನವೇ ಆಗಿರಲಿಲ್ಲ. "ಕೊಡಿಲ್ಲಿ, ನಾನೇ ತುಂಬಿಸಿ ಕೊಡ್ತೀನಿ" ಅಂತ ಬಾಟ್ಲಿ ಇಸ್ಕೊಂಡು ಒಳಗೆ ಹೋಗಿ, ತುಂಬಿಸಿ ತಂದ್ಲು. 'ಬಾವಿಯಿಂದ ನೇರವಾಗಿ ತುಂಬಿದ್ದು' ಅಂತ ನೋಟ್‌ಬುಕ್ಕಲ್ಲಿ ಬರೆದುಕೊಂಡು ಬಸ್ಸಿಗೆ ಓಡಿದೆ.

ಮೂರು ದಿನಕ್ಕೆ ರಿಪೋರ್ಟ್ ಬಂತು. ನೀರು ಶುದ್ಧವಾಗಿದೆ, ಕುಡಿಯಬಹುದು.

ನನಗೆ ಅಳು ಬರೋ ಬದಲು ಸಿಟ್ಟು ಬಂತು. ಹೆಡ್‌ಮಾಸ್ಟರ್ರು, "ಇನ್ನು ಸಾಕು, ಜ್ವಾಲಾಮುಖಿ ಮಾಡಿ" ಅಂದ್ರು. ಅವತ್ತು ಸಂಜೆ ತಂಗಿಗೆ ಮತ್ತೆ ಭೇದಿ ಶುರುವಾಯ್ತು. ನಾನು ಸೀದಾ ಮುನಿಯಕ್ಕನ ಮನೆಗೆ ನುಗ್ಗಿ, "ಏನು ನೀರು ಕೊಟ್ಟೆ ನೀನು?" ಅಂತ ಕೇಳೇಬಿಟ್ಟೆ. ಯಾವತ್ತೂ ನೀವು ಅಂತಿದ್ದ ಬಾಯಲ್ಲಿ ನೀನು ಬಂದಿತ್ತು.

ಅವಳು ಒಲೆ ಮುಂದೆ ಕೂತಿದ್ಲು. ದೊಡ್ಡ ಪಾತ್ರೆಯಲ್ಲಿ ನೀರು ಕುದೀತಿತ್ತು.

"ಕಾಯಿಸಿ ಆರಿಸಿದ್ದನ್ನೇ ಕೊಟ್ಟೆ ಕಣೇ. ಕಾಲೇಜು ಮೇಷ್ಟ್ರ ಕೈಗೆ ಹೋಗೋ ನೀರು, ಬಂದ ನೆಂಟರಿಗೆ ಕೊಟ್ಟ ಹಾಗಲ್ವಾ? ಹಸಿ ನೀರು ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಕುದಿಸಿದ ನೀರಲ್ಲಿ ಯಾವ ಕ್ರಿಮಿ ಉಳಿಯುತ್ತೆ. ಅವಳನ್ನ ಬೈಯೋಣ ಅಂತ ಬಾಯಿ ತೆಗೆದವಳು ಮುಚ್ಚಿಕೊಂಡೆ. ಕಣ್ಣಲ್ಲಿ ನೋಡದೇ ಇದ್ದದ್ದನ್ನ ನೋಡಿದ್ದೀನಿ ಅಂತ ಬರೆದೋಳು ನಾನೇ.

ಬೆಳಿಗ್ಗೆ ಮೇಡಂ ಹತ್ರ ಒಪ್ಪಿಕೊಂಡೆ. ಅವರು ಕೆನ್ನೆಗೆ ಹೊಡೆದಿದ್ರೂ ಚೆನ್ನಾಗಿರ್ತಿತ್ತು. "ಇದನ್ನ ನನಗಲ್ಲ, ವೆಂಕಟಾಚಲ ಅವರಿಗೆ ಹೇಳು" ಅಂದ್ರು. ಸಂಜೆ ಕಾಲೇಜಿಗೆ ಹೋಗಿ ನಿಂತೆ. "ತಪ್ಪು ಬರೆದೆ ಸಾರ್. ಇನ್ನೊಂದು ಸಲ ನೋಡಿ ಕೊಡಿ. ಆಗಲ್ಲ ಅಂದ್ರೆ ನಾಳೆನೂ ಬರ್ತೀನಿ, ನಾಡಿದ್ದೂ ಬರ್ತೀನಿ." ಅವರು ಕನ್ನಡಕ ತೆಗೆದು ನನ್ನನ್ನ ನೋಡಿ, "ಅಷ್ಟು ದಿನ ನಿನ್ನ ಕಾಟ ತಡೆಯೋಕಾಗಲ್ಲಮ್ಮ. ನಾನೇ ಬರ್ತೀನಿ" ಅಂದ್ರು.

ಶನಿವಾರ ಐಸ್ ತುಂಬಿದ ಡಬ್ಬ ಹಿಡ್ಕೊಂಡು ಬಸ್ಸಿಳಿದ್ರು. ಮುನಿಯಕ್ಕನ ಪೂಜೆ ಮುಗಿಯೋ ತನಕ ಕಟ್ಟೆ ಪಕ್ಕ ಕಾದ್ವಿ. ಆಮೇಲೆ ಹಗ್ಗ ನಾನೇ ಹಿಡಿದೆ, ನೀರು ನಾನೇ ಸೇದಿದೆ, ಬಾಟ್ಲಿ ನಾನೇ ತುಂಬಿದೆ. ಒಬ್ಬಳು ಗಂಟೆ ಬರ್ಕೊಂಡ್ಲು, ಇನ್ನೊಬ್ಬಳು ಕಟ್ಟೆಯಿಂದ ಪಾಯಿಖಾನೆ ಗುಂಡಿಗೆ ಎಷ್ಟು ಅಡಿ ಅಂತ ಅಳೆದ್ಲು. ಮೇಷ್ಟ್ರು ಏನನ್ನೂ ಮುಟ್ಟಲಿಲ್ಲ, ನೋಡ್ತಾ ನಿಂತ್ರು.

ಮುಂದಿನ ಬುಧವಾರ ರಿಪೋರ್ಟ್ ತಗೊಂಡು ಅವರೇ ಬಂದ್ರು. ನಲ್ಲಿಗೆ ಅರ್ಜಿ ಬರ್ಕೊಂಡು ಮೇಡಂ ಕೂಡ ಬಂದಿದ್ರು. ಮೇಷ್ಟ್ರು ಬೀದಿಯವರನ್ನೆಲ್ಲ ಬಾವಿ ಹತ್ರ ಕರೆದು, "ನೀನೇ ಓದು" ಅಂತ ನನ್ನ ಕೈಗೆ ಕೊಟ್ರು. ಓದಿದೆ. ಈ ನೀರಲ್ಲಿ ಪಾಯಿಖಾನೆ ಕ್ರಿಮಿ ಇದೆ, ಕುದಿಸದೆ ಕುಡೀಬಾರದು.

ಎದುರು ಮನೆ ರುದ್ರಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತ್ಲು. "ಅಕ್ಕ ಈ ನೀರು ಕುಡಿದೇ ಗುಂಡುಕಲ್ಲಿನ ಹಾಗಿಲ್ವಾ? ಮೂಗು ಹಿಂಡಿದ್ರೆ ಹಾಲು ಬರೋ ಹುಡುಗೀರು, ದೊಡ್ಡೋರ ಬಾವಿಗೆ ಹೆಸರಿಡೋಕೆ ಬಂದ್ಬಿಟ್ರು." ಎಲ್ಲರೂ ಹೌದೌದು ಅಂದ್ರು.

ಮುನಿಯಕ್ಕ ಕಟ್ಟೆ ಮೇಲೆ ಕೂತೇ ಇದ್ಲು. "ನಾನು ಹಸಿ ನೀರು ಕುಡಿದು ಎರಡು ವರ್ಷ ಆಯ್ತು ರುದ್ರಿ" ಅಂದ್ಲು.

ಎಲ್ಲರೂ ಅವಳ ಕಡೆ ತಿರುಗಿದ್ರು.

"ಮಗಳ ಕೂಸು ಇಲ್ಲೇ ವಾಂತಿ ಮಾಡ್ಕೊಂಡು ತೀರಿಹೋಯ್ತಲ್ಲ, ಅವತ್ತು ಆಸ್ಪತ್ರೆಯವರು ನೀರು ಅಂದ್ರು. ಅವತ್ತಿಂದ ಕಾಯಿಸ್ಕೊಂಡು ಕುಡೀತಿದ್ದೀನಿ. ನಿಮಗೆ ಹೇಳ್ಲಿಲ್ಲ. ನಮ್ಮ ಯಜಮಾನ್ರು ತೋಡಿಸಿದ ಬಾವಿ ಕೆಟ್ಟೋಯ್ತು ಅಂತ ನನ್ನ ಬಾಯಲ್ಲಿ ಹೇಗೆ ಹೇಳ್ಲಿ? ವಠಾರ ಖಾಲಿ ಆಗುತ್ತೆ ಅಂತಲೂ ಹೆದರಿದೆ."

ನನ್ನ ಕಣ್ಣ ಮುಂದೆ ತಂಗಿಯ ಕೈಗೆ ಚುಚ್ಚಿದ ಸೂಜಿ ಬಂತು. ಎರಡು ವರ್ಷ. ಇವಳಿಗೆ ಗೊತ್ತಿತ್ತು. ನಮ್ಮಮ್ಮ ದಿನಾ ಇವಳ ಕಣ್ಣೆದುರೇ ಕೊಡ ತುಂಬಿಸ್ಕೊಂಡು ಬರ್ತಿದ್ಲು. ಅಲ್ಲೇ ಅವಳ ಜುಟ್ಟು ಹಿಡೀಬೇಕು ಅನ್ನಿಸ್ತು. ನಮ್ಮಮ್ಮ ತುಂಬಿದ ಕೊಡವನ್ನ ಅವಳ ಕಾಲ ಹತ್ರವೇ ಸುರಿದು ಮನೆಗೆ ಹೋದ್ಲು.

ಮೇಡಂ ಅರ್ಜಿ ನನ್ನ ಕೈಗೆ ಕೊಟ್ರು. ನಲ್ಲಿ ಬರಬೇಕಾದ್ರೆ ಮೊದಲು ಬೇಕಾದದ್ದು ಮುನಿಯಕ್ಕನ ಒಪ್ಪಿಗೆ. ನಾನು ಇಂಕ್ ಪ್ಯಾಡ್ ತಗೊಂಡು ಅವಳ ಮುಂದೆ ಕೂತೆ.

"ಬೈದುಬಿಡೇ ಜಯಾ" ಅಂದ್ಲು.

"ಆಮೇಲೆ ಬೈತೀನಿ" ಅಂದೆ. "ಮೊದಲು ಹೆಬ್ಬೆಟ್ಟು ಕೊಡಿ."

ಅವಳು ಕೈ ಚಾಚಿದ್ಲು. ನನ್ನ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಆದ್ರೂ ಅವಳ ಹೆಬ್ಬೆಟ್ಟನ್ನ ಗಟ್ಟಿಯಾಗಿ ಹಿಡ್ಕೊಂಡು ಅರ್ಜಿ ಮೇಲೆ ಒತ್ತಿಸಿದೆ.