ರಹದಾರಿ ಬರುವ ಮುಂಚೆ ಹೊರಟವಳು

ಒಂದೂರಿತ್ತಂತೆ. ಆ ಊರಲ್ಲಿ ಒಬ್ಬ ಹೆಂಗಸು ಇದ್ದಳಂತೆ. ಇದ್ದೂ ಅವಳು ಇರಲಿಲ್ಲವಂತೆ.

ಕಥೆ ಇಷ್ಟಕ್ಕೆ ಬಂದಾಗ ಮಕ್ಕಳು ಅಜ್ಜಿಯ ಮಗ್ಗುಲಿಗೆ ಸರಿದುಕೊಳ್ಳುತ್ತವೆ. ಆದರೆ ಇದು ರಾಕ್ಷಸರ ಕಾಲದ್ದಲ್ಲ. ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿದ್ದ ಕಾಲದ್ದು. ಊರೂ ಏಳು ಸಮುದ್ರದಾಚೆ ಇಲ್ಲ. ಗಾವಡಗೆರೆಯಿಂದ ಒಂದು ಹರದಾರಿ ನಡೆದರೆ ಸಿಗುತ್ತದೆ.

ಹೆಂಗಸಿನ ಹೆಸರು ಕೆಂಪಾಜಮ್ಮ. ಗಂಡ ನಿಂಗರಾಜು ಕಲ್ಲುಕೆಲಸದವನು. ಕಟ್ಟೆಯ ಕೆಲಸದಲ್ಲಿ ಅವನು ಉಳಿ ಹಿಡಿಯುವ ರೀತಿ ಕಂಡ ಒಬ್ಬ ಮೇಸ್ತ್ರಿ ಅವನನ್ನು ಕಡಲಾಚೆಯ ಮೊಂಬಾಸಾ ಬಂದರಿಗೆ ಕರೆದುಕೊಂಡು ಹೋದ. ಅವನು ಹೊರಟಾಗ ಕೆಂಪಾಜಮ್ಮ ಬಸುರಿ. ಆಮೇಲೆ ಹುಟ್ಟಿದ ಮಗಳು ಚೆಲುವಿಗೆ ಈಗ ನಾಲ್ಕು ವರ್ಷ. ಅಪ್ಪ ಅವಳ ಮುಖ ನೋಡಿಲ್ಲ. "ಇಬ್ಬರನ್ನೂ ಕಳಿಸಿಕೊಡಪ್ಪಯ್ಯ" ಎಂದು ನಿಂಗರಾಜು ಕಾಗದ ಬರೆಸಿದ. "ನನ್ನ ಕೈಯಾರೆ ರೈಲು ಹತ್ತಿಸ್ತೀನಿ ಕಣ್ಲಾ ಮಗ" ಎಂದು ಅವನಪ್ಪ ದೊಡ್ಡಮಾದಯ್ಯ ಮರುಕಾಗದದಲ್ಲಿ ಮಾತು ಕೊಟ್ಟ.

ಹೊರದೇಶಕ್ಕೆ ಹೋಗುವವರಿಗೆ ಸರ್ಕಾರದ ರಹದಾರಿ ಪತ್ರ ಬೇಕು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರು. "ಎರಡು ತಿಂಗಳಾಗಬಹುದು" ಎಂದು ಕಚೇರಿಯ ಹೊರಗೆ ಕೂತಿದ್ದ ಯಾರೋ ಹೇಳಿದರು. ದೊಡ್ಡಮಾದಯ್ಯ ಎರಡು ತಿಂಗಳು ಎಣಿಸಿದ. ಪತ್ರ ಮೈಸೂರಿಗೆ ಬಂದು ಕೂತಿರುತ್ತದೆ ಎಂದುಕೊಂಡು, ಅದು ಕೈಗೆ ಬರುವ ಮೊದಲೇ ಸೊಸೆ ಮೊಮ್ಮಗಳಿಗೆ ಬೀಳ್ಕೊಡುಗೆ ಮಾಡಿಬಿಟ್ಟ.

ಆ ಊರಿನ ಬೀಳ್ಕೊಡುಗೆ ಎಲ್ಲ ಊರಿನಂಥದ್ದಲ್ಲ. ನೀರು ದಾಟಿ ಹೋಗುವವರನ್ನು ಗಡಿಕಲ್ಲಿನವರೆಗೆ ಕಳಿಸಿ, ತುಂಬಿದ ಗಡಿಗೆಯನ್ನು ಅಲ್ಲೇ ಬೋರಲು ಹಾಕಿ, ಯಾರೂ ತಿರುಗಿ ನೋಡದೆ ಮನೆಗೆ ಬರುತ್ತಾರೆ. ಸುಖವಾಗಿ ಸೇರಿದ ಸುದ್ದಿ ಬರುವವರೆಗೆ ಹೋದವರ ಹೆಸರು ಎತ್ತುವುದಿಲ್ಲ. ಹೆಸರು ಕೇಳಿದರೆ ದಾರಿಯಲ್ಲಿರುವ ಜೀವ ತಿರುಗಿ ನೋಡುತ್ತದಂತೆ. ತಿರುಗಿ ನೋಡಿದ ಜೀವಕ್ಕೆ ದಾರಿ ತಪ್ಪುತ್ತದಂತೆ.

ದೊಡ್ಡಮಾದಯ್ಯ ಇಬ್ಬರನ್ನೂ ಮೈಸೂರಿನವರೆಗೆ ಕರೆದುಕೊಂಡು ಹೋದ. ಅಲ್ಲಿನ ಕಚೇರಿಗೆ ಪತ್ರ ಬಂದಿರಲಿಲ್ಲ. "ಊರಿಗೆ ಹೋಗಿ ಕಾಯಿರಿ" ಎಂದರು.

ಮೂರನೆಯ ದಿನ ಸಂಜೆ ಹೊತ್ತಿಗೆ ಮೂವರೂ ಗಡಿಕಲ್ಲಿನ ಹತ್ತಿರ ಬಂದರು. ದೊಡ್ಡಮಾದಯ್ಯ ನಿಂತ. ಹೋಗುವವರನ್ನು ಕಳಿಸುವ ಶಾಸ್ತ್ರ ಅವನಿಗೆ ಗೊತ್ತಿತ್ತು. ಹೋಗದೆ ಬಂದವರನ್ನು ಒಳಗೆ ಕರೆದುಕೊಳ್ಳುವ ಶಾಸ್ತ್ರ ಆ ಊರಲ್ಲಿ ಇರಲಿಲ್ಲ. ಅವನು ತಿರುಗಿ ನೋಡದೆ ಮುಂದೆ ನಡೆದ. ಕೆಂಪಾಜಮ್ಮ ಮಗಳನ್ನು ಎತ್ತಿಕೊಂಡು ಹತ್ತು ಮಾರು ಹಿಂದೆ ನಡೆದಳು.

ಅಂದಿನಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ನೇರ ನೋಡಲೂ ಇಲ್ಲ. ಅಡುಗೆ ಅವಳೇ ಮಾಡುತ್ತಿದ್ದಳು. ಮಾವ ಉಣ್ಣುತ್ತಿದ್ದ. ಉಂಡು ಕೈ ತೊಳೆದು, ನಡುಮನೆಯ ಕಂಬದ ಕಡೆ ತಿರುಗಿ, "ಸಾರು ಚೆಂದಾಗಿತ್ತು" ಎನ್ನುತ್ತಿದ್ದ. "ಯಾರಾದ್ರೂ ಇದ್ರೆ ಉಂಡ್ಕಳ್ಳಿ" ಎಂದೂ ಕಂಬಕ್ಕೇ ಹೇಳುತ್ತಿದ್ದ.

ಬಾವಿಯ ಹತ್ತಿರ ಇನ್ನೂ ಕಷ್ಟ. ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಒಂದು ದಿನ ಉಳಿದ ಹೆಂಗಸರಿಗೆ ಮೆಲ್ಲಗೆ ಹೇಳಿದಳು:

"ನೆನ್ನೆ ಕಂಡೆ ಕಣವ್ವ, ಲಕ್ಷ್ಮಣತೀರ್ಥದ ದಂಡೇಲಿ. ಮಗೀನ ಎತ್ಕಂಡು ಹೋಯ್ತಾ ಇತ್ತು. ಮೊಖ ಕಾಣ್ನಿಲ್ಲ."

"ಯಾರಕ್ಕ?"

"ಅಯ್, ಹೆಸರು ಎತ್ತುಸ್ತೀಯೇನೇ? ದಾರೀಲಿರೋಳೇ ದಿಟವಾದೋಳು. ಮನೇಲಿರೋದು ಅವಳ ಉಳಿಕೆ."

ಕೆಂಪಾಜಮ್ಮ ಒಂದು ತೋಳಿನ ದೂರದಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಅವಳು ನೀರು ಸೇದಿ ಮುಗಿಸಿದ ಮೇಲೆ, ತೂಗಾಡುವ ಹಗ್ಗ ತಾನಾಗಿ ನಿಲ್ಲುವವರೆಗೂ ಯಾರೂ ಅದನ್ನು ಮುಟ್ಟಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ನಡುಮಧ್ಯಾಹ್ನ ಊರು ಸುಮ್ಮನಿರುವಾಗ ಗಡಿಕಲ್ಲಿನ ಕಡೆಯಿಂದ ಯಾರೋ ನಡೆಯುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಅದು ಬರುವ ಸದ್ದಲ್ಲ, ಹೋಗುವ ಸದ್ದೂ ಅಲ್ಲ. ಕೆರೆಗೆ ಬಗ್ಗಿದರೆ ನೀರಿನಲ್ಲಿ ಅವಳ ಮುಖ ಒಂದು ಚೂರು ತಡವಾಗಿ ಮೂಡಿದಂತೆ ಕಾಣುತ್ತಿತ್ತು. ಗಂಡನಿಗೆ ಕಾಗದ ಬರೆಸುವುದನ್ನೂ ನಿಲ್ಲಿಸಿದಳು. ಯಾರು ಬರೆಸಿದ್ದೆಂದು ಬರೆಸುವುದು?

ಒಂದು ಬೆಳಿಗ್ಗೆ ಚೆಲುವಿ ಕೇಳಿದಳು: "ಅವ್ವ, ಆ ಮಕ್ಳು ನನ್ನ ಆಟಕ್ಕೆ ಸೇರುಸ್ಕಳಲ್ಲ. ನಾವು ಸತ್ತೋಗಿದೀವಾ?"



ಅದೇ ವಾರ ಚಿಕ್ಕಸಿದ್ದಮ್ಮನ ಸೊಸೆಗೆ ದಿನ ತುಂಬಿತೆಂದು ಸರ್ಕಾರದ ಸೂಲಗಿತ್ತಿ ಸಾಕಮ್ಮ ಬಂದಳು. ಚೆಲುವಿ ಹುಟ್ಟುವಾಗ ಹೆರಿಗೆ ಮಾಡಿಸಿದವಳೂ ಅವಳೇ. ತೊಗಲಿನ ಚೀಲ ಹಿಡಿದು ಬಾವಿಯ ಪಕ್ಕ ಹಾದವಳು ಅಲ್ಲಿಂದಲೇ ಕೂಗಿದಳು:

"ಏನೇ ಕೆಂಪಾಜಿ! ಇನ್ನೂ ಹಡಗು ಹತ್ನಿಲ್ವೇನೇ?"

ಚಿಕ್ಕಸಿದ್ದಮ್ಮನ ಸೊಂಟದಿಂದ ಬಿಂದಿಗೆ ಜಾರಿತು. ಕೆಂಪಾಜಮ್ಮ ಅಲ್ಲೇ ಕುಸಿದು ಕೂತು ಅತ್ತಳು. ವರ್ಷದ ಮೇಲೆ ತನ್ನ ಹೆಸರು ಕಿವಿಗೆ ಬಿದ್ದಿತ್ತು.

ಹೆರಿಗೆ ಮುಗಿಸಿ ಸಾಕಮ್ಮ ನೇರ ಅವಳ ಮನೆಗೆ ಬಂದಳು. ಎಲ್ಲ ಕೇಳಿದಳು.

"ಅರ್ಜಿ ಕೊಟ್ಟಿದ್ದು ಯಾವತ್ತು?"

"ದೀಪಾವಳಿ ಆದ್ಮೇಲೆ ಸಾಕಕ್ಕ."

"ಯಾವ ದೀಪಾವಳಿ?"

"ಹೋದ್ದಲ್ಲ, ಅದರ ಹಿಂದಿಂದು."

"ನಂಬರು?"

"ಅಂಗಂದ್ರೆ?"

"ಅಯ್ಯೋ ನನ್ನವ್ವ! ಕಚೇರೀಲಿ ಅರ್ಜಿ ತಕ್ಕಂಡಾಗ ಅದಕ್ಕೊಂದು ನಂಬರು ಹಾಕ್ತಾರೆ. ನಿನಗೆ ಹೆಸರು ಇದ್ದಂಗೆ ಅದಕ್ಕೆ ನಂಬರು. ಆಮೇಲೆ ಒಂದ್ಸಲನಾದ್ರೂ ಹೋಗಿ ಕೇಳುದ್ರಾ?"

"ಕೇಳುದ್ರೆ ಕೋಪ ಮಾಡ್ಕತಾರೆ ಅಂದ್ರು."

"ನನ್ನ ವರ್ಗಾವಣೆ ಅರ್ಜಿ ಎರಡು ವರ್ಷ ಅಲೀತು ಕಣೇ. ತಿಂಗಳಿಗೊಂದ್ಸಲ ಹೋಗಿ ಕೈ ಮುಗ್ದು ಕೇಳ್ತಿದ್ದೆ. ಯಾರೂ ನನ್ನ ನುಂಗ್ನಿಲ್ಲ. ನೋಡು, ಗುಂಡುಕಲ್ಲಂಗೆ ಇದೀನಿ. ನಾಳೆ ಹೊರಡು."

ಮರುದಿನ ಇಬ್ಬರೂ ನಡೆದೇ ತಾಲ್ಲೂಕು ಕಚೇರಿಗೆ ಹೋದರು. ಗುಮಾಸ್ತ ಸೋಮಯ್ಯ ಒಳ್ಳೆಯ ಮನುಷ್ಯ. ಅರ್ಜಿ ಕೊಟ್ಟ ತಿಂಗಳು ಹೇಳಿದ ಮೇಲೆ ರಿಜಿಸ್ಟರಿನಲ್ಲಿ ಬೆರಳಾಡಿಸಿ ನಂಬರು ಹುಡುಕಿದ. ದಾರ ಕಟ್ಟಿದ ಕಡತ ತೆಗೆಸಿದ. ಓದುತ್ತಾ ಓದುತ್ತಾ ಅವನ ಹುಬ್ಬು ಗಂಟಾಯಿತು.

"ಇದರಲ್ಲಿ ಒಂದು ವಿಚಾರಣೆಯ ವರದಿ ಇದೆ," ಎಂದು ಗಟ್ಟಿಯಾಗಿ ಓದಿದ. "ಸದರಿ ಕೆಂಪಾಜಮ್ಮ ಎಂಬ ಹೆಸರಿನವರು ಯಾರೂ ಗ್ರಾಮದಲ್ಲಿ ಇಲ್ಲವೆಂದು ಮನೆಯ ಯಜಮಾನ ದೊಡ್ಡಮಾದಯ್ಯನೇ ತಿಳಿಸಿರುತ್ತಾನೆ. ನೆರೆಹೊರೆಯವರೂ ಅದೇ ಪ್ರಕಾರ ಹೇಳಿರುತ್ತಾರೆ."

ಅವನು ತಲೆಯೆತ್ತಿ ಕೆಂಪಾಜಮ್ಮನನ್ನು ನೋಡಿದ. ಸ್ವಲ್ಪ ಹಿಂದಕ್ಕೆ ಸರಿದು ಕೂತ.

"ಹಾಗಾದರೆ ನೀವು ಯಾರು?"

ಕೆಂಪಾಜಮ್ಮನಿಗೆ ಆಗ ನೆನಪಾಯಿತು. ಹೋದ ಬೇಸಿಗೆಯಲ್ಲಿ ಒಂದು ದಿನ ಅವಳು ಒಳಗೆ ರಾಗಿ ಬೀಸುತ್ತಿದ್ದಾಗ ಜಗಲಿಯಲ್ಲಿ ಯಾರೋ ಬಂದು ಮಾತಾಡಿ ಹೋಗಿದ್ದರು. ಬೀಸುಕಲ್ಲಿನ ಸದ್ದಿನಲ್ಲಿ ಮಾತು ಕೇಳಿಸಿರಲಿಲ್ಲ. ಅರ್ಜಿದಾರಳು ನಿಜವಾಗಿ ಇದ್ದಾಳೋ ಎಂದು ನೋಡಲು ಕಚೇರಿಯವರೇ ಬಂದಿದ್ದರು. ಊರಿಗೆ ಊರೇ ಅವಳಿಲ್ಲ ಎಂದಿತ್ತು. ಅವಳು ಗೋಡೆಯ ಈಚೆ ಕೂತು ಹಿಟ್ಟು ಗೋರುತ್ತಿದ್ದಳು.

"ಇಲ್ಲೇ ನಿಂತಿದ್ದಾಳಲ್ಲ ಸ್ವಾಮಿ!" ಎಂದಳು ಸಾಕಮ್ಮ.

"ನನಗೆ ಕಾಣುತ್ತೆ ತಾಯಿ. ಕಡತಕ್ಕೆ ಕಾಣಬೇಕಲ್ಲ. ಮರುವಿಚಾರಣೆ ಬೇಕೆಂದು ಇನ್ನೊಂದು ಅರ್ಜಿ ಬರೆಸಿ. ಈ ನಂಬರು ಅದರಲ್ಲಿ ಹಾಕಿಸಿ. ವಿಚಾರಣೆಗೆ ಶೇಕದಾರರು ಬಂದಾಗ ಇವರೇ ಎಂದು ಮನೆಯವರು ಎದುರು ನಿಂತು ಹೇಳಬೇಕು. ಅದೊಂದಾಗದೆ ಇದು ಮುಂದಕ್ಕೆ ಹೋಗುವುದಿಲ್ಲ."

ಆ ಅರ್ಜಿ ಅಲ್ಲೇ ಬರೆಸಿಕೊಟ್ಟು ಊರಿಗೆ ಬಂದ ಸಾಕಮ್ಮ ದೊಡ್ಡಮಾದಯ್ಯನ ಜಗಲಿಯಲ್ಲಿ ಕೂತಳು.

"ದೊಡ್ಡಯ್ಯ, ನಿಮ್ಮ ಬಾಯಲ್ಲಿ ಒಂದು ಮಾತು ಬರ್ಬೇಕು. ಅಷ್ಟೇಯ."

"ಅದೊಂದು ಕೇಳ್ಬ್ಯಾಡ ಸಾಕವ್ವ," ಎಂದ ಅವನು. "ನನ್ನ ತಮ್ಮ ಅಂಕಯ್ಯ ಸಿಂಹಳಕ್ಕೆ ಹೊಂಟ. ಮೂರನೇ ದಿನ ನಮ್ಮವ್ವ ತಡೀಲಾರ್ದೆ ಅವನ ಹೆಸರ ಕೂಗ್ಬುಟ್ಲು. ಅದೇ ಕೊನೆ. ಕಾಗ್ದ ಇಲ್ಲ, ಸುದ್ದಿ ಇಲ್ಲ. ಮೂವತ್ತು ವರ್ಷ ಆಯ್ತು."

"ಎಲ್ಲಿ ಹೋದ ಅಂತ ವಿಚಾರ್ಸುದ್ರಾ?"

"ಹೆಸರೇ ಎತ್ತಬಾರ್ದು ಅಂದ್ಮೇಲೆ ಏನಂತ ವಿಚಾರ್ಸದು?"

ತಾನು ಆಡಿದ ಮಾತು ದೊಡ್ಡಮಾದಯ್ಯನಿಗೇ ಈಗ ಮೊದಲ ಸಲ ಕೇಳಿಸಿದಂತಾಯಿತು.

"ದಾರೀಲಿರೋಳ್ನ ನಾನು ಕರ್ಯೋಕೆ ಹೇಳ್ತಿಲ್ಲ ದೊಡ್ಡಯ್ಯ," ಎಂದಳು ಸಾಕಮ್ಮ ಏಳುತ್ತಾ. "ಮನೇಲಿರೋಳ್ನ ಇದಾಳೆ ಅನ್ನಿ."

ಇಪ್ಪತ್ತು ದಿನಕ್ಕೆ ಶೇಕದಾರರು ಬಂದರು. ಬಿಸಿಲು ನೆತ್ತಿಯ ಮೇಲಿತ್ತು. ಊರೆಲ್ಲ ಮರದಡಿ ಸೇರಿತು. ಅವರು ಕಾಗದ ಬಿಡಿಸಿ ಓದಿದರು:

"ಕೆಂಪಾಜಮ್ಮ ಕೋಂ ನಿಂಗರಾಜು. ಈ ಹೆಸರಿನವರು ಇದ್ದಾರೋ?"

"ನಾನೇ ಸ್ವಾಮಿ," ಎಂದಳು ಕೆಂಪಾಜಮ್ಮ.

"ನೀವು ಹೇಳಿದರೆ ಸಾಲದಮ್ಮ. ಮನೆಯವರು ಹೇಳಲಿ."

ಚಿಕ್ಕಸಿದ್ದಮ್ಮ ನೆಲ ನೋಡಿದಳು. ಎಲೆ ಅಲುಗಲಿಲ್ಲ. ಗಡಿಕಲ್ಲಿನ ದಾರಿಯಲ್ಲಿ ಆ ಹೆಜ್ಜೆಯ ಸದ್ದು. ಇವತ್ತು ಎಲ್ಲರಿಗೂ ಕೇಳಿಸಿತು. ಶೇಕದಾರರೂ ಒಮ್ಮೆ ಆ ಕಡೆ ತಿರುಗಿದರು. ದಾರಿ ಖಾಲಿಯಿತ್ತು.

ಚೆಲುವಿ ತಾತನ ಪಂಚೆ ಜಗ್ಗಿದಳು. "ತಾತ, ನಾವು ಇದೀವಾ, ಇಲ್ವಾ?"

ದೊಡ್ಡಮಾದಯ್ಯ ಬಗ್ಗಿ ಮೊಮ್ಮಗಳ ಕೈ ಹಿಡಿದುಕೊಂಡ.

"ಇದಾಳೆ," ಎಂದ. ಆಮೇಲೆ ಊರಿಗೆಲ್ಲ ಕೇಳುವಂತೆ, "ಇವ್ಳೇ ಸ್ವಾಮಿ. ನನ್ನ ಸೊಸೆ ಕೆಂಪಾಜಮ್ಮ. ಇವಳು ನನ್ನ ಮೊಮ್ಮಗಳು ಚೆಲುವಿ. ಇಲ್ಲೇ ಇದಾರೆ. ಆವತ್ತು ಇಲ್ಲ ಅಂದಿದ್ದು ನನ್ನ ತಪ್ಪು."

ಗಾಳಿ ಇರಲಿಲ್ಲ. ಆದರೂ ಗಡಿಕಲ್ಲಿನ ಕಡೆಯಿಂದ ಒಂದು ಧೂಳು ಎದ್ದು, ದಾರಿಯುದ್ದಕ್ಕೂ ಯಾರೋ ಓಡಿಬಂದಂತೆ ಬಂದು, ಕೆಂಪಾಜಮ್ಮನ ಕಾಲ ಬಳಿ ಮೆಲ್ಲನೆ ಕೂತಿತು. ಸದ್ದು ನಿಂತಿತು. ಮತ್ತೆಂದೂ ಕೇಳಲಿಲ್ಲ.

"ನಾನೂ ಹೆಬ್ಬೆಟ್ಟು ಒತ್ತಲಾ ಸ್ವಾಮಿ?" ಎಂದು ಚಿಕ್ಕಸಿದ್ದಮ್ಮ ಮುಂದೆ ಬಂದಳು. "ನಮ್ಮ ಪಕ್ಕದ ಮನೆಯೋಳೇ. ದಿನಾ ನೋಡ್ತೀನಿ."

"ಅಂಗಾದ್ರೆ ಲಕ್ಷ್ಮಣತೀರ್ಥದಲ್ಲಿ ನೋಡಿದ್ದು ಯಾರ್ನಕ್ಕ?" ಎಂದು ಹಿಂದಿನಿಂದ ಯಾರೋ ಕೇಳಿದರು. ಊರು ನಕ್ಕಿತು.

ರಹದಾರಿ ಮಾರನೆಯ ದಿನವೇ ಬರಲಿಲ್ಲ. ಕಡತ ತಾಲ್ಲೂಕಿನಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ ಹೋಗಬೇಕಿತ್ತು. ಇನ್ನೂ ಏಳು ತಿಂಗಳು ಹಿಡಿಯಿತು. ಆದರೆ ಆ ಏಳು ತಿಂಗಳು ಹಿಂದಿನ ವರ್ಷದಂತಿರಲಿಲ್ಲ. ಕೆಂಪಾಜಮ್ಮ ನಂಬರನ್ನು ಬಾಗಿಲ ಹಿಂದೆ ಸುಣ್ಣದಲ್ಲಿ ಬರೆಸಿದಳು. ಪ್ರತಿ ತಿಂಗಳ ಮೊದಲ ಸಂತೆಯ ಮರುದಿನ ಕಚೇರಿಗೆ ನಡೆದಳು. ಸೋಮಯ್ಯ ಕೆಲವು ಸಲ "ಇನ್ನೂ ಇಲ್ಲ" ಎಂದ. ಒಂದು ಸಲ "ಮಗಳ ಹುಟ್ಟಿದ ದಿನ ಬೇಕಂತೆ" ಎಂದ. ಅವತ್ತು ಕೇಳದಿದ್ದರೆ ಆ ಒಂದು ಸಾಲಿಗಾಗಿ ಕಡತ ಇನ್ನೆಷ್ಟು ಮಲಗಿರುತ್ತಿತ್ತೋ. ಸಾಕಮ್ಮ ತನ್ನ ಪುಸ್ತಕ ನೋಡಿ ದಿನ ಬರೆದುಕೊಟ್ಟಳು. ಏನಾಯಿತು ಎಂದು ತಿಂಗಳಿಗೊಂದು ಕಾಗದ ನಿಂಗರಾಜುವಿಗೆ ಹೋಯಿತು. ನಾಳೆ ಹೋಗುವವಳಿಗೇಕೆ ಎಂದು ಪಾಳು ಬಿಟ್ಟಿದ್ದ ಹಿತ್ತಲಲ್ಲಿ ಕೆಂಪಾಜಮ್ಮ ಅವರೆ ಊರಿದಳು. ಮಾವ ಊಟವಾದ ಮೇಲೆ ಅವಳ ಕಡೆಗೇ ತಿರುಗಿ, "ಉಪ್ಪು ಜಾಸ್ತಿ ಆಯ್ತಲ್ಲ ಕೆಂಪಾಜಿ" ಎನ್ನತೊಡಗಿದ. ಹೊಗಳಿಕೆ ಕಂಬದ ಪಾಲಾಯಿತು, ಬೈಗುಳ ನನ್ನ ಪಾಲಾಯಿತು ಎಂದು ಅವಳು ನಗುತ್ತಿದ್ದಳು.

ಅವರೆ ಕಾಯಿ ಬಿಡಿಸುವ ಕಾಲಕ್ಕೆ ರಹದಾರಿ ಬಂತು. ದೊಡ್ಡಮಾದಯ್ಯ ಅದನ್ನು ಸೋಮಯ್ಯನಿಂದ ಎರಡು ಸಲ ಓದಿಸಿ, ಹೆಸರು, ಗಂಡನ ಹೆಸರು, ಮಗಳ ಹೆಸರು ಸರಿಯಿವೆಯೆಂದು ತಿಳಿದುಕೊಂಡ ಮೇಲೆಯೇ ಮೈಸೂರಿಗೆ ಗಾಡಿ ಕಟ್ಟಿಸಿದ. ಸ್ಟೇಷನ್ನಿನಲ್ಲಿ ಮೊಮ್ಮಗಳನ್ನು ಎತ್ತಿ ಕಿಟಕಿಯ ಪಕ್ಕ ಕೂರಿಸಿದ. ಮಗನಿಗೆ ಕೊಟ್ಟ ಮಾತಿನಂತೆ ತನ್ನ ಕೈಯಾರೆ ಸೊಸೆಯನ್ನು ರೈಲು ಹತ್ತಿಸಿದ.

ಓದುವ ಅಕ್ಕತಂಗಿಯರೇ, ಓದಿಸಿ ಕೇಳುವ ಅವ್ವಂದಿರೇ, ಹೊರದೇಶದ ಕಾಗದಕ್ಕೆ ತಡವಾಗುವುದುಂಟು. ತಿಂಗಳು ವರ್ಷವಾಗುವುದೂ ಉಂಟು. ಅರ್ಜಿಯ ನಂಬರು, ತಾರೀಕು ಬರೆದಿಟ್ಟುಕೊಳ್ಳಿ. ವಿಚಾರಣೆಗೆ ಬರುತ್ತಾರೆಂದು ಮನೆಯವರಿಗೂ ನೆರೆಯವರಿಗೂ ಮೊದಲೇ ತಿಳಿಸಿ. ಸುಮ್ಮನೆ ಕೂರದೆ ಗೊತ್ತಾದ ದಿನ ಹೋಗಿ ಕೇಳಿ, ಕೇಳುವುದು ತಪ್ಪಲ್ಲ. ಪತ್ರ ಕೈಗೆ ಬಂದು, ಓದಿಸಿ ನೋಡುವ ತನಕ ದನಕರು ಮಾರಬೇಡಿ, ಹಿತ್ತಲು ಪಾಳು ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಕಾಯುತ್ತಿರುವವರನ್ನು ಹೋದವರೆಂದು ಎಣಿಸಬೇಡಿ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಅಂಥವರು ಒಬ್ಬರಿದ್ದರೆ ಈ ಹಾಳೆ ಮಡಿಸಿಟ್ಟು ಈಗಲೇ ಎದ್ದು ಹೋಗಿ. ಅವರನ್ನು ಹೆಸರು ಹಿಡಿದು ಕರೆಯಿರಿ.