ಕೊನೆಯ ಕೊಳವೆ

ಲ್ಯಾಬಿನ ಫ್ರಿಜ್ಜಿನ ಬಾಗಿಲು ತೆರೆದಾಗ ತಣ್ಣನೆ ಗಾಳಿ ಕೈಗೆ ತಾಗಿತು, ತಾಗಿದ್ದಷ್ಟೇ, ಶೈನಿಗೆ ಚಳಿಯೆನಿಸಲಿಲ್ಲ, ಎಂಟು ದಿನದಿಂದ ಏನೂ ಎನಿಸುತ್ತಿಲ್ಲ, ನಿನ್ನೆ ಚರ್ಚಿನಲ್ಲಿ ತೀರಿಹೋದ ಅಪ್ಪನ ಏಳನೇ ದಿನದ ಪೂಜೆಯಲ್ಲೂ ಅಳು ಬರಲಿಲ್ಲ, ಬನ್ನಿಮಂಟಪದ ನೆಂಟರೆಲ್ಲ ಇವಳದು ಕಲ್ಲು ಮನಸ್ಸು ಅಂದುಕೊಂಡಿರಬೇಕು, ಅಂದುಕೊಳ್ಳಲಿ — ಇಗೋ ಕೊನೆಯ ಕೊಳವೆ, ಮುಚ್ಚಳದ ಮೇಲೆ ಅವಳದೇ ಅಕ್ಷರ, ಆಂತೋಣಿ, ಮಾರ್ಚ್ ೯೮, ಅಪ್ಪನ ರಕ್ತದಿಂದ ಬೇರ್ಪಡಿಸಿದ ಕೊಬ್ಬಿನ ಕಣಗಳು. ಇನ್ನು ತಡ ಮಾಡಿದ್ರೆ ಕೆಟ್ಟೋಗ್ತದೆ ಕಣಮ್ಮ, ಇವತ್ತೇ ಮುಗಿಸ್ಬುಡು ಎಂದಿದ್ದರು ಪಿಎಚ್‌ಡಿ ಗೈಡ್ ಸದಾಶಿವಯ್ಯ, ಸಾವಾದ ಮನೆಯವಳಿಗೆ ಹೇಗೆ ಹೇಳುವುದೆಂದು ಕನ್ನಡಕ ಒರೆಸುತ್ತಾ, ಪಾಪ. ಮುಗಿಸುವುದು ಅಂದರೆ ಇಷ್ಟೇ, ಪ್ರೋಟೀನು ಕತ್ತರಿಸುವ ಕಿಣ್ವ ಎರಡು ಹನಿ ಹಾಕುವುದು, ಕಣದ ಹೊರಮೈಯಲ್ಲಿ ತೆರೆದುಕೊಂಡಿರುವ ಪ್ರೋಟೀನು ತುಂಡಾಗುತ್ತದೆ, ಕೊಬ್ಬಿನೊಳಗೆ ಹುದುಗಿದ್ದು ಉಳಿಯುತ್ತದೆ, ಉಳಿದದ್ದನ್ನು ನೋಡಿ ಯಾವ ಭಾಗ ಎಲ್ಲಿ ಸುತ್ತಿಕೊಂಡಿತ್ತೆಂದು ಹೇಳುವುದು, ನಾಲ್ಕು ವರ್ಷದಿಂದ ಅದೇ ಕೆಲಸ, ಆಮೇಲೆ ಅಪ್ಪ ಕೊಳವೆಯಲ್ಲೂ ಇರುವುದಿಲ್ಲ.

ಉಪವಾಸದ ರಕ್ತ ಬೇಕೆಂದಾಗ ಅಪ್ಪನೇ ಹೇಳಿದ್ದು, ಭಾನುವಾರ ಪರಮಪ್ರಸಾದ ತಗೊಳ್ಳೋವರ್ಗೂ ನಾನು ನೀರು ಬಿಟ್ಟು ಏನೂ ಮುಟ್ಟಲ್ವಲ್ಲ, ಪೂಜೆಗೆ ಮುಂಚೆ ತಗೋ — ಬಸ್ ಡಿಪೋದ ಮೆಕ್ಯಾನಿಕ್ಕು, ತೋಳಿಗೆ ಗ್ರೀಸಿನ ವಾಸನೆ, ಸೂಜಿ ಕಂಡರೆ ಗೋಡೆ ನೋಡುವವನು, ನನ್ ರಕ್ತಕ್ಕೂ ಡಾಕ್ಟರ್ ಪಟ್ಟ ಕೊಡ್ತಾರೇನು ಕೇಳ್ಬುಡು ನಿಮ್ ಸಾರನ್ನ, ಒಲೆ ಮುಂದಿನಿಂದ ಅಮ್ಮ, ಸಾಕು ಬನ್ರೀ ಗಂಟೆ ಹೊಡೀತು. ಬೇರೆಯವರ ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೊಳವೆಯಲ್ಲಿ ಕಟ್ಟುವುದು ನೂಲಿನಷ್ಟು ಕೊಬ್ಬಿನ ಹಳದಿ ಪಟ್ಟಿ, ಅಪ್ಪನದು ಬೆರಳಗಲ, ಲ್ಯಾಬಿನವರಿಗೆಲ್ಲ ಹೊಟ್ಟೆಕಿಚ್ಚು, ಅವಳಿಗೆ ಹಬ್ಬ, ಬೆರಳಗಲ ಅಂದರೆ ಎಷ್ಟೊಂದು ಪ್ರೋಟೀನು, ಎಷ್ಟೊಂದು ಪ್ರಯೋಗ — ಪ್ರೋಟೀನಿನ ಯಾವ ಭಾಗ ಎಲ್ಲಿದೆ ಎಂದು ಹುಡುಕಿದಳು, ಕೊಬ್ಬು ಎಷ್ಟಿದೆ ಎಂದು ಒಮ್ಮೆಯೂ ಅಳೆಯಲಿಲ್ಲ, ಹತ್ತು ನಿಮಿಷದ ಕೆಲಸ ಅದು, ಕೊಲೆಸ್ಟ್ರಾಲ್ ಕಿಟ್ಟು ಇದೇ ಕಪಾಟಿನಲ್ಲಿದೆ, ದೀಪದ ಬುಡದಲ್ಲೇ ಕತ್ತಲೆ, ಆ ಶುಕ್ರವಾರ ಬಸ್ಸಿನಡಿಯಿಂದ ಎದೆ ಹಿಡಿದುಕೊಂಡು ಎದ್ದವನು ಎರಡು ಹೆಜ್ಜೆಯೂ ಇಡಲಿಲ್ಲವಂತೆ. ತಪ್ಪು ತನ್ನದೇ, ಗೊತ್ತು, ಗೊತ್ತಿದ್ದೂ ನೋಯುತ್ತಿಲ್ಲ. ಪಿಪೆಟ್ ಎತ್ತಿದಳು, ಕೆಳಗಿಟ್ಟಳು, ಕಿಟ್ಟು ತೆಗೆದಳು, ಈಗ ಅಳೆದು ಯಾರಿಗೆ ಹೇಳುವುದು — ಒಮ್ಮೆ ಲ್ಯಾಬಿಗೆ ಬಂದಿದ್ದ ಅಪ್ಪ, ಇಸ್ತ್ರಿ ಮಾಡಿದ ಅಂಗಿ, ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ತನ್ನ ಬೆರಳಿಟ್ಟು ಅಳೆದು, ಇಷ್ಟು ದಪ್ಪಕ್ಕೈತಲ್ಲ ಮಗಾ, ಒಳ್ಳೇದಾ, ತುಂಬಾ ಒಳ್ಳೇದಪ್ಪ ಎಂದಿದ್ದಳು, ಬೆರಳಗಲ ಹಳದಿ, ಪಕ್ಕದಲ್ಲಿ ಅಪ್ಪನ ಬೆರಳು.