ವಾರ ತಪ್ಪದೆ

ಅಪ್ಪ ಮೂವತ್ತು ವರ್ಷ ಲಾರಿ ತೂಗಿದವರು. ವೇಬ್ರಿಡ್ಜಿನ ಕಿಟಕಿಯಲ್ಲಿ ಕೂತು ಲೋಡ್ ಗಾಡಿ, ಖಾಲಿ ಗಾಡಿ ಎಂದು ಚೀಟಿ ಹರಿದು ಕೊಡುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅವರಿಗೆ ತೂಗಲು ಉಳಿದದ್ದು ನಾವಿಬ್ಬರು ಹೆಣ್ಣುಮಕ್ಕಳು.

ಆಸ್ಪತ್ರೆಯವರ ಮಾತು ಸರಳವಾಗಿತ್ತು. ಅಕ್ಕನ ಕಿಡ್ನಿಯೂ ಹೊಂದುತ್ತದೆ, ನನ್ನದೂ ಹೊಂದುತ್ತದೆ. ಆದರೆ ಇಷ್ಟು ಮೈ ಇದ್ದವರಿಂದ ತೆಗೆಯುವುದಿಲ್ಲ. ಯಾರು ಮೊದಲು ಎಂಬತ್ತು ಕಿಲೋಗೆ ಇಳಿಯುತ್ತಾರೋ ಅವರದು. ಅಕ್ಕ ಎಂಬತ್ತಾರು, ನಾನು ಎಂಬತ್ತೇಳು.

"ಎರಡು ಲಾರಿ ಸಾಕಿದೀನಿ. ಒಂದೂ ಖಾಲಿಯಾಗಿ ಬರಲ್ಲ ಅಂತಿದಾವೆ," ಎಂದು ಅಪ್ಪ ಡಯಾಲಿಸಿಸ್ ಕುರ್ಚಿಯಿಂದಲೇ ನರ್ಸಿಗೆ ಹೇಳಿದರು.

ಅಕ್ಕ ನಕ್ಕಳು. ಅಪ್ಪನ ಎಲ್ಲ ಮಾತಿಗೂ ಅವಳು ನಗುತ್ತಿದ್ದಳು. ಅಮ್ಮ ಹೋದಾಗ ಅವಳಿಗೆ ಒಂಬತ್ತು, ನನಗೆ ಎರಡು. ಶಾಲೆ ಬಿಟ್ಟು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಈಗ ಲಾಂಡ್ರಿಯಲ್ಲಿ ನಿಂತು ಹೋಟೆಲುಗಳ ಹಾಸುಬಟ್ಟೆ ಇಸ್ತ್ರಿ ಮಾಡುತ್ತಾಳೆ.

ನನಗೆ ಕಿಡ್ನಿ ಕೊಡಲು ಮನಸ್ಸಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಅಕ್ಕ ಮೊದಲು ಇಳಿದರೆ ಹೇಳುವ ಪ್ರಮೇಯವೇ ಬರುವುದಿಲ್ಲ.

ಡಾಕ್ಟರು ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಟ್ಟರು. ಪೆನ್ನಿನಂತೆ ಇರುತ್ತದೆ, ತುದಿ ತಿರುಗಿಸಿ, ಹೊಟ್ಟೆಗೆ ಚುಚ್ಚಿ ಒತ್ತಬೇಕು. ಒಂದು ಜಾತಿಯದನ್ನು ಏಳು ದಿನಕ್ಕೊಮ್ಮೆ, ಇನ್ನೊಂದನ್ನು ದಿನವೂ. ಏಳು ದಿನಕ್ಕೊಮ್ಮೆಯದು ಔಷಧಿ ಅಂಗಡಿಯಲ್ಲಿ ಒಬ್ಬರಿಗಾಗುವಷ್ಟೇ ಇತ್ತು. ಒಂದು ಪೆನ್ನಿನಲ್ಲಿ ನಾಲ್ಕು ಸಲದ ಔಷಧಿ, ಅಂಥ ಮೂರು ಪೆನ್ನು.

"ಅದು ಅಕ್ಕನಿಗಿರಲಿ. ದಿನಾ ಚುಚ್ಚಿಕೊಳ್ಳೋದು ನಾನೇ ಮಾಡ್ತೀನಿ," ಎಂದೆ.

"ನೋಡಿ ಅಪ್ಪ, ಎಂಥ ತಂಗಿ," ಎಂದಳು ಅಕ್ಕ.

ನಾನು ವಿಮಾ ಕಚೇರಿಯಲ್ಲಿ ಅರ್ಜಿಗಳನ್ನು ಮೂಲ ದಾಖಲೆಗಳೊಂದಿಗೆ ತಾಳೆ ನೋಡುವವಳು. ಆ ಅಭ್ಯಾಸದಂತೆ ಎರಡೂ ಔಷಧಿಯ ಹಾಳೆಗಳನ್ನು ಓದಿ, ಒಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಡುವೆ ಒಂದು ಗೆರೆ. ಎಡಕ್ಕೆ ನನ್ನದು, ಬಲಕ್ಕೆ ಅಕ್ಕನದು. ಯಾವುದರಲ್ಲಿ ಎಷ್ಟು ಇಳಿಯುತ್ತದೆ, ಯಾವುದಕ್ಕೆ ವಾಕರಿಕೆ ಹೆಚ್ಚು, ಮರೆತರೆ ಏನು ಮಾಡಬೇಕು, ಎಲ್ಲ ಬರೆದೆ. 'ಯಾವಾಗ' ಎಂಬಲ್ಲಿ ನನ್ನದಕ್ಕೆ 'ದಿನವೂ' ಎಂದೂ ಅಕ್ಕನದಕ್ಕೆ 'ವಾರ ತಪ್ಪದೆ' ಎಂದೂ ಬರೆದೆ. ಬರೆಯುವಾಗ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಮೂರನೇ ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಪೆನ್ನು ಹಿಡಿದು ನಿಂತಿದ್ದಳು.

"ನಿನ್ನೆ ಸೋಮವಾರದ್ದು ಆಯ್ತು. ಇವತ್ತು ಮಂಗಳವಾರದ್ದು. ಅಲ್ಲ ಕಣೇ, ನಿಂದು ದಿನಾ, ನಂದು ವಾರ ತಪ್ಪದೆ. ಎರಡೂ ಒಂದೇ ಆಯ್ತಲ್ಲ?"

ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಅದನ್ನು ಕೆಳಗಿಟ್ಟೆ. ಸೂಜಿ ಅವಳ ಚರ್ಮ ಮುಟ್ಟಿರಲಿಲ್ಲ.

"ಪಟ್ಟಿಯಲ್ಲಿ ಬರೆದಿದೀನಲ್ಲ ಅಕ್ಕ. ಅದರ ಪ್ರಕಾರ ಮಾಡು," ಎಂದೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸುಳ್ಳು ಹೇಳಲಿಲ್ಲ. ಅವಳು ಒತ್ತಿ, ಹತ್ತರವರೆಗೆ ಎಣಿಸಿ, ಸೂಜಿ ತೆಗೆದಳು.

ನಾನು ನನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನನ್ನ ಪೆನ್ನನ್ನು ದಿಂಬಿಗೆ ಚುಚ್ಚಿದೆ. ಮೊದಲ ದಿನದಿಂದಲೂ ದಿಂಬಿಗೇ ಚುಚ್ಚುತ್ತಿದ್ದೆ.

ಅಕ್ಕ ಊಟ ಬಿಟ್ಟಳು. ಆಮೇಲೆ ನೀರು ಕುಡಿದರೂ ವಾಂತಿ. ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಕೆಳಗೆ ಬಕೆಟ್ ಇಟ್ಟುಕೊಂಡಿದ್ದಾಳೆ ಎಂದು ಅವಳೇ ತಮಾಷೆಯಂತೆ ಹೇಳಿದಳು.

"ಡಾಕ್ಟರಿಗೆ ಫೋನ್ ಮಾಡಲಾ?" ಎಂದು ಕೇಳಿದೆ. ಅವಳು ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಕೇಳಿದೆ.

"ವಾಕರಿಕೆ ಬರುತ್ತೆ ಅಂತ ನೀನೇ ಬರೆದಿದೀಯಲ್ಲ. ಬಿಡು."

ಅಪ್ಪ ಇಬ್ಬರನ್ನೂ ತಕ್ಕಡಿ ಹತ್ತಿಸಿ, ಬಗ್ಗಿ ಮುಳ್ಳು ನೋಡಿದರು. ಅಕ್ಕ ಎಂಬತ್ತೆರಡು. ನಾನು ಎಂಬತ್ತೇಳೂವರೆ.

"ದೊಡ್ಡವಳ ಔಷಧಿ ಔಷಧಿ. ನಿಂದೇನು, ಗೊಬ್ಬರವಾ? ಹಾಕಿದಷ್ಟೂ ಬೆಳೀತೀಯ," ಎಂದರು.

ಅಕ್ಕ ನಕ್ಕಳು. ನಗುವಾಗ ಗೋಡೆ ಹಿಡಿದುಕೊಂಡಳು. ತುಟಿ ಬಿರಿದು ಬೆಳ್ಳಗಾಗಿತ್ತು.

ಹನ್ನೆರಡನೇ ದಿನ ಕಸದ ಡಬ್ಬಿಯಲ್ಲಿ ಮೂರನೇ ಪೆನ್ನು ಬಿದ್ದಿತ್ತು. ಮೂರು ತಿಂಗಳ ಔಷಧಿ. ಅದರ ಮೇಲೆ ಹಳೆಯ ಪತ್ರಿಕೆ ಮುಚ್ಚಿ ಕೆಲಸಕ್ಕೆ ಹೋದೆ. ಎರಡು ದಿನ ಕಳೆದು ಅಕ್ಕ ಎಪ್ಪತ್ತೊಂಬತ್ತೂಮುಕ್ಕಾಲು ತೂಗಿದಳು. ಅಪ್ಪ ಚಪ್ಪಾಳೆ ತಟ್ಟಿದರು. ಅವಳು ತಕ್ಕಡಿಯಿಂದ ಇಳಿಯುತ್ತಲೇ ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ರಕ್ತದ ವರದಿಯನ್ನು ಎರಡು ಸಲ ಓದಿದರು. ಮೈಯಲ್ಲಿ ನೀರೇ ಉಳಿಯದೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು.

"ಚೇತರಿಸಿಕೊಳ್ತಾರೆ. ಆದರೆ ಇವರ ಕಿಡ್ನಿ ಇನ್ನು ಬೇರೆಯವರಿಗೆ ಕೊಡೋ ಹಾಗಿಲ್ಲ," ಎಂದರು. "ದಿನಾ ತಗೊಳ್ಳಿ ಅಂತ ಯಾರು ಹೇಳಿದ್ದು?"

ಅಕ್ಕ ನನ್ನನ್ನು ನೋಡಿದಳು.

"ಯಾರೂ ಹೇಳಿಲ್ಲ ಸರ್. ನಾನು ಓದಿದವಳಲ್ಲ."

ಅಪ್ಪನಿಗೆ ವಿಷಯ ಮುಟ್ಟಿಸಿದವಳು ನಾನೇ. ಅವರು "ಒಂದು ಗಾಡಿ ಗುಜರಿಗೆ ಹೋಯ್ತು. ಇನ್ನು ನೀನೇ," ಎಂದರು.

ಎರಡು ವಾರ ಕಳೆದು ಅಕ್ಕ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಬಾಗಿಲು ತಟ್ಟದೆ ನನ್ನ ಕೋಣೆಗೆ ಬಂದಳು. ಒಂದು ಕೈಯಲ್ಲಿ ಒಗೆದ ದಿಂಬಿನ ಚೀಲ, ಇನ್ನೊಂದರಲ್ಲಿ ನನ್ನ ಪೆನ್ನು.

"ಮೂರು ಸಲ ಒಗೆದೆ. ಆ ಔಷಧಿ ವಾಸನೆ ಹೋಗಲೇ ಇಲ್ಲ," ಎಂದಳು. "ನಿನ್ನ ದಿಂಬು ಎಷ್ಟು ಇಳೀತು?"

ನಾನು ಹಾಸಿಗೆಯ ಮೇಲೆ ಎದ್ದು ಕೂತೆ.

"ಕೊಡಲ್ಲ ಅಂತ ನಂಗೆ ಹೇಳಿದ್ರೆ ನಾನೇ ಕೊಡ್ತಿದ್ದೆ ಕಣೇ. ಒಂದು ಮಾತು ಸಾಕಿತ್ತು. ಅಂಗಿ ಎತ್ತು."

ಎತ್ತಿದೆ. ಅವಳು ನನ್ನ ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದಳು. ಚಿಕ್ಕವಳಿದ್ದಾಗ ಸ್ನಾನ ಮಾಡಿಸುವಾಗ ಹಿಡಿಯುತ್ತಿದ್ದ ಹಿಡಿತವೇ, ಆದರೆ ಉಗುರು ನಾಟಿತ್ತು. ಸೂಜಿ ಚುಚ್ಚಿ, ಪೂರ್ತಿ ಒತ್ತಿ, ಹತ್ತರವರೆಗೆ ನಿಧಾನವಾಗಿ ಎಣಿಸಿದಳು. ಸೂಜಿ ಹೊರಗೆ ಎಳೆದ ಮೇಲೆ ಕೇಳಿದಳು.

"ಇವತ್ತು ಯಾವ ವಾರ?"

"ಗುರುವಾರ."

"ನಾಳೆ?"

"ಶುಕ್ರವಾರ."

"ಬರ್ತೀನಿ," ಎಂದಳು.